ತವರ ಮುಗಿದ ಮೇಲೆ ತೈಪಿಂಗ್

ಮಲೇಷ್ಯಾದ ಪೆರಾಕ್ ರಾಜ್ಯದಲ್ಲಿ, ಪೆನಾಂಗಿಗೂ ಈಪೋಗೂ ನಡುವೆ ತೈಪಿಂಗ್ ಇದೆ. ತಮ್ಮ ಊರಿನ ‘ಮೊದಲು’ಗಳನ್ನು ಎಣಿಸುವುದೆಂದರೆ ಅಲ್ಲಿನವರಿಗೆ ಬಲು ಇಷ್ಟ. ದೇಶದ ಮೊದಲ ರೈಲು ಮಾರ್ಗ ನಮ್ಮದು, ಮೊದಲ ವಸ್ತುಸಂಗ್ರಹಾಲಯ ನಮ್ಮದು, ಮೊದಲ ಸಾರ್ವಜನಿಕ ಉದ್ಯಾನವೂ ನಮ್ಮದೇ ಎಂದು ಶುರುವಾದ ಪಟ್ಟಿ ಮೂವತ್ತು ದಾಟುತ್ತದೆ. ಪಟ್ಟಿ ಕೇಳಿ ಸುಸ್ತಾದವನಿಗೆ ಸಹಜವಾಗಿಯೇ ಅನ್ನಿಸುತ್ತದೆ: ಎಲ್ಲದರಲ್ಲೂ ಮುಂದಿದ್ದ ಊರು ಈಗ ಇಷ್ಟು ನಿಧಾನವಾಗಿ ಉಸಿರಾಡುವುದೇಕೆ? ಇಲ್ಲಿ ತವರ ಬೇಗ ಸಿಕ್ಕಿತು, ಬೇಗ ಮುಗಿದೂ ಹೋಯಿತು. ಊರಿನ ಈಗಿನ ಚೆಲುವೆಲ್ಲ ಆ ಬೇಗ ಮುಗಿದುದರ ಫಲ.

ತವರ ಸಿಕ್ಕ ಕಥೆಯಲ್ಲಿ ಒಂದು ಆನೆಯಿದೆ. ಲಾಂಗ್ ಜಾಫರ್ ಎಂಬ ಮಲಯ್ ಮುಖಂಡನ ಆನೆ ಕಾಡಿನಲ್ಲಿ ತಪ್ಪಿಸಿಕೊಂಡು, ಕೆಲದಿನಗಳ ಮೇಲೆ ಸಿಕ್ಕಾಗ ಅದರ ಕಾಲಿಗೆ ಮೆತ್ತಿದ್ದ ಕೆಸರಿನಲ್ಲಿ ತವರದ ಅದಿರು ಇತ್ತಂತೆ. ಆನೆಯ ಹೆಸರು ಲಾರುತ್. ನಂಬುವುದು ಬಿಡುವುದು ಅವರವರಿಗೆ ಸೇರಿದ್ದು, ಸೀಮೆಗಂತೂ ಇಂದಿಗೂ ಅದೇ ಹೆಸರು. 1840ರ ದಶಕದಲ್ಲಿ ಜಾಫರ್ ಚೀನೀ ಕೂಲಿಗಳನ್ನು ಕರೆತಂದು ಅಗೆತ ಶುರುಮಾಡಿಸಿದ.

ಇಲ್ಲಿನ ಅದಿರು ಬಂಡೆಯೊಳಗೆ ಅಡಗಿದ್ದಲ್ಲ. ಬೆಟ್ಟದಿಂದ ತೊರೆಗಳು ಹೊತ್ತು ತಂದು ಮಣ್ಣಿನ ಕೆಳಗೆ ಜಲ್ಲಿಯಲ್ಲಿ ಹೂತಿದ್ದು. ಹಾಗಾಗಿ ಸುರಂಗ ಬೇಕಿರಲಿಲ್ಲ. ದೊಡ್ಡ ಹೊಂಡ ತೋಡಿ, ಬುಟ್ಟಿಗಳಲ್ಲಿ ಮಣ್ಣು ಹೊತ್ತು, ಮರದ ದೋಣಿಗಾಲುವೆಯಲ್ಲಿ ಸುರಿದು ನೀರು ಹಾಯಿಸಿದರೆ ಮರಳು ಕೊಚ್ಚಿಹೋಗಿ ಭಾರದ ಅದಿರು ತಳದಲ್ಲಿ ಉಳಿಯುತ್ತಿತ್ತು. ಹೊಂಡಕ್ಕೆ ಜಿನುಗುವ ನೀರನ್ನು ಮಾತ್ರ ಹಗಲೂ ರಾತ್ರಿ ಎತ್ತಿ ಹೊರಹಾಕಬೇಕು. ಮೇಲಿನ ನೀರು ಬೇಕು, ಕೆಳಗಿನ ನೀರು ಬೇಡ ಎಂಬ ಈ ಪಾಡಿನಲ್ಲಿ ಜಗಳ ಹುಟ್ಟಿದ್ದು ಗಣಿಗೆ ನೀರು ತರುವ ಕಾಲುವೆಗಾಗಿ. 1861ರಲ್ಲಿ ಹೈ ಸಾನ್ ಮತ್ತು ಘೀ ಹಿನ್ ಎಂಬ ಎರಡು ಚೀನೀ ಗುಪ್ತಕೂಟಗಳು ಬಡಿದಾಡಿಕೊಂಡವು. ಆಮೇಲಿನ ಸುತ್ತುಗಳಿಗೆ ಜೂಜು, ಹೆಣ್ಣು, ಹಳೆಯ ಹಗೆ ಎಲ್ಲವೂ ನೆಪವಾದವು. ಜಾಫರನ ಮಗ ನ್ಗಾ ಇಬ್ರಾಹಿಂ 1873ರಲ್ಲಿ ಪೆನಾಂಗಿನ ಪೊಲೀಸ್ ಅಧಿಕಾರಿ ಕ್ಯಾಪ್ಟನ್ ಸ್ಪೀಡಿಯನ್ನು ಸಂಬಳಕ್ಕಿಟ್ಟುಕೊಂಡು, ಭಾರತದಿಂದ ಸಿಪಾಯಿಗಳನ್ನು ತರಿಸಿದ. ಪೆರಾಕಿನ ಸಶಸ್ತ್ರ ಪೊಲೀಸ್ ಪಡೆ ಬೆಳೆದದ್ದು ಆ ಸಿಖ್ಖರು, ಪಠಾಣರಿಂದಲೇ.

1874ರ ಜನವರಿಯಲ್ಲಿ ಪಾಂಗ್ಕೋರ್ ಒಪ್ಪಂದವಾಯಿತು, ಅದರ ನೆಪದಲ್ಲಿ ಬ್ರಿಟಿಷರು ಒಳಗೆ ಬಂದರು. ಒಂದು ಕೂಟಕ್ಕೆ ಕ್ಲಿಯಾನ್ ಪಾವ್, ಇನ್ನೊಂದಕ್ಕೆ ಪಕ್ಕದ ಕಮುಂಟಿಂಗ್ ಎಂದು ಗಣಿಗಳನ್ನು ಹಂಚಿದರು. ಅಷ್ಟು ನೆತ್ತರು ಹರಿದ ಕ್ಲಿಯಾನ್ ಪಾವ್‌ಗೆ ತೈಪಿಂಗ್, ಅಂದರೆ ಚಿರಶಾಂತಿ, ಎಂದು ಹೊಸ ಹೆಸರಿಟ್ಟರು. ಹೈ ಸಾನ್ ಕೂಟದ ನಾಯಕ ಚುಂಗ್ ಕೆಂಗ್ ಕ್ವೀ ನಿನ್ನೆಯವರೆಗೆ ಕಾದಾಟಕ್ಕೆ ಹಣ ಸುರಿಯುತ್ತಿದ್ದವನು. ಇಂದು ಶಾಂತಿ ಸ್ಥಾಪನೆಯ ಆಯೋಗದಲ್ಲಿ ಕುಳಿತ. ವ್ಯಾಪಾರಿಗೆ ಗಾಳಿಯ ದಿಕ್ಕು ಬೇಗ ತಿಳಿಯುತ್ತದೆ.

ಮುಂದಿನ ಹದಿನೈದಿಪ್ಪತ್ತು ವರ್ಷ ಊರಿನ ಸುಗ್ಗಿ. ಪೆರಾಕಿನ ರಾಜಧಾನಿ, 1879ರಲ್ಲಿ ಸೆರೆಮನೆ, 1883ರಲ್ಲಿ ವಸ್ತುಸಂಗ್ರಹಾಲಯ. ಎರಡೂ ಈಗಲೂ ಎದುರುಬದುರಾಗಿ ನಿಂತಿವೆ. 1885ರ ಜೂನ್ 1ರಂದು ಕಡಲತೀರದ ಪೋರ್ಟ್ ವೆಲ್ಡ್‌ಗೆ ಸುಮಾರು 13 ಕಿಲೋಮೀಟರಿನ ರೈಲು ಓಡಿತು. ಅಷ್ಟರಲ್ಲಿ ತೆಂಕಣದ ಕಿಂಟಾ ಕಣಿವೆಯಲ್ಲಿ ಇದಕ್ಕಿಂತ ದೊಡ್ಡ ನಿಕ್ಷೇಪ ಸಿಕ್ಕಿ ಜನ, ಹಣ ಎರಡೂ ಅತ್ತ ಹರಿದವು. 1937ರಲ್ಲಿ ರಾಜಧಾನಿಯೂ ಈಪೋಗೆ ಹೋಯಿತು. ತೈಪಿಂಗಿನ ಹಳೆಯ ಅಂಗಡಿಸಾಲುಗಳನ್ನು ಕೆಡವಿ ಎತ್ತರದ ಕಟ್ಟಡ ಕಟ್ಟುವಷ್ಟು ದುಡ್ಡು ಆಮೇಲೆ ಯಾರ ಬಳಿಯೂ ಇರಲಿಲ್ಲ. ಪುಣ್ಯ!

ಅಗೆದು ಬಿಟ್ಟ ಹೊಂಡಗಳನ್ನೇ ಕೆರೆಗಳನ್ನಾಗಿಸುವ ಕೆಲಸ 1880ರಲ್ಲಿ ಶುರುವಾಯಿತು. ಜಾಗ ಕೊಟ್ಟವನು ಅದೇ ಕೆಂಗ್ ಕ್ವೀ. ಲೇಕ್ ಗಾರ್ಡನ್ಸ್ ಎಂಬ ಆ ಉದ್ಯಾನದ ಕೆರೆಗಳ ಸೊಟ್ಟಪಟ್ಟ ಅಂಚುಗಳನ್ನು ಯಾವ ತೋಟಗಾರನೂ ಎಳೆದದ್ದಲ್ಲ, ಗುದ್ದಲಿ ಎಳೆದದ್ದು. ದಡದ ರಸ್ತೆಯಲ್ಲಿ ನೂರು ದಾಟಿದ ಮಳೆಮರಗಳಿವೆ. ಇವು ಅಮೆರಿಕದ ಉಷ್ಣವಲಯದಿಂದ ಬಂದವು. ಕಾಂಡ ರಸ್ತೆಯ ಈಚೆಗೆ, ಕೊಂಬೆಗಳು ರಸ್ತೆಯನ್ನು ದಾಟಿ ಆಚೆಯ ನೀರಿಗೆ ಬಾಗಿವೆ. ಕೆಲವು ನೀರನ್ನು ಮುಟ್ಟಿಯೇ ಬಿಟ್ಟಿವೆ. ಕೊಂಬೆಗಳ ಮೇಲೆ ಜರೀಗಿಡಗಳು ಗೂಡು ಕಟ್ಟಿದಂತೆ ಬೆಳೆದಿವೆ. ಆ ರಸ್ತೆಗೆ ಈಗ ವಾಹನಗಳನ್ನು ಬಿಡುವುದಿಲ್ಲ. ಬೆಳಗ್ಗೆ ಊರಿನ ಅರ್ಧ ಜನ ಅಲ್ಲೇ ನಡೆಯುತ್ತಿರುತ್ತಾರೆ. ಒಂದೇ ಜಾಗ ನೋಡಲು ಪುರುಸೊತ್ತಿದ್ದರೆ ಇದನ್ನೇ ನೋಡಿ, ಅದೂ ಮಳೆ ನಿಂತ ಮೇಲೆ.

ಮಳೆಗೆ ಕಾಯಬೇಕಾಗಿಯೂ ಇಲ್ಲ. ಕಡಲಿನ ತೇವವನ್ನು ಬೆನ್ನಹಿಂದಿನ ಬುಕಿಟ್ ಲಾರುತ್ ತಡೆದು ಊರಿನ ಮೇಲೆಯೇ ಸುರಿಸುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್. ಇಂದು ಮಳೆ ಬರುವುದೋ ಇಲ್ಲವೋ ಎಂದು ಬಾಜಿ ಕಟ್ಟುತ್ತಿದ್ದುದನ್ನು ಹಳಬರು ಹೇಳುತ್ತಾರೆ. ಬೆಟ್ಟದ ಮೇಲೆ ಬ್ರಿಟಿಷರು 1884ರಲ್ಲಿ ಮ್ಯಾಕ್ಸ್‌ವೆಲ್ ಹಿಲ್ ಎಂಬ ಗಿರಿಧಾಮ ಮಾಡಿಕೊಂಡರು. ರಸ್ತೆಯಾಗುವವರೆಗೆ ಗಿಡ್ಡ ಕುದುರೆಗಳೂ ಕೂಲಿಗಳ ಹೆಗಲೂ ದೊರೆಗಳನ್ನು ಹೊತ್ತವು. ಖಾಸಗಿ ಕಾರು ಅಲ್ಲಿಗೆ ಹತ್ತುವಂತಿಲ್ಲ. ಗುಡ್ಡ ಕುಸಿದು ದಾರಿ ಮುಚ್ಚುವುದೂ ಉಂಟು. ವಿಚಾರಿಸಿಕೊಂಡು ಹೊರಡುವುದು ಲೇಸು.

ಬೆಟ್ಟದ ಬುಡದಲ್ಲಿ ಎರಡನೇ ಮಹಾಯುದ್ಧದ ಸಮಾಧಿಭೂಮಿ. ನಡುವೆ ರಸ್ತೆ ಹಾದುಹೋಗುತ್ತದೆ; ಒಂದು ಬದಿಗೆ ಕ್ರೈಸ್ತರು, ಇನ್ನೊಂದು ಬದಿಗೆ ಭಾರತದ ಸೈನಿಕರು. ಹೆಸರಿಲ್ಲದ ಕಲ್ಲುಗಳೇ ಹೆಚ್ಚು.

ಪೋರ್ಟ್ ವೆಲ್ಡ್ ಈಗ ಕುವಾಲಾ ಸೆಪೆತಾಂಗ್. ಹಳಿಗಳನ್ನು 1980ರ ದಶಕದಲ್ಲಿ ಕಿತ್ತು ಹಾಕಿದರೂ ನಿಲ್ದಾಣದ ಹೆಸರುಹಲಗೆ ಉಳಿದಿದೆ, ಅದರಲ್ಲಿ ತಮಿಳೂ ಇದೆ. ಅಲ್ಲಿಂದ ಹಬ್ಬಿರುವ ಮಾತಾಂಗ್ ಕಾಂಡ್ಲಾ ಕಾಡು ಸುಮಾರು 40,000 ಹೆಕ್ಟೇರ್. ಗಣಿ ಮತ್ತು ರೈಲಿನ ಸೌದೆಗಾಗಿ ಬೋಳಾಗಬಹುದಾಗಿದ್ದ ಇದನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲೇ ಲೆಕ್ಕಕ್ಕೆ ತಂದರು. ಒಂದೊಂದು ತುಂಡು ಕಾಡನ್ನು ಸುಮಾರು ಮೂವತ್ತು ವರ್ಷಕ್ಕೊಮ್ಮೆ ಕಡಿಯುವುದು, ಕಡಿದಲ್ಲಿ ಮತ್ತೆ ಸಸಿ ನೆಡುವುದು, ಹೀಗೆ ನೂರು ವರ್ಷಕ್ಕೂ ಮೀರಿ ನಡೆದುಬಂದಿದೆ. ದೋಣಿ ಹತ್ತಿದರೆ ಹಗಲಲ್ಲಿ ಗರುಡ, ಕತ್ತಲಾದ ಮೇಲೆ ಮಿಂಚುಹುಳ. ನನಗೆ ಹಿಡಿಸಿದ್ದು ಮಾತ್ರ ಇದ್ದಿಲ ಗೂಡುಗಳು. ಇಟ್ಟಿಗೆಯ ಗುಮ್ಮಟದೊಳಗೆ ಕಾಂಡ್ಲಾ ದಿಮ್ಮಿಗಳನ್ನು ನೆಟ್ಟಗೆ ನಿಲ್ಲಿಸಿ, ಬಾಯಲ್ಲಿ ಬೆಂಕಿ ಹಾಕಿ, ವಾರಗಟ್ಟಲೆ ನೀರಿನಂಶ ಹೊರಡಿಸುತ್ತಾರೆ. ಯಾವಾಗ ಬಾಯಿ ಮುಚ್ಚಬೇಕೆಂಬುದನ್ನು ಹೊಗೆಯ ವಾಸನೆ ನೋಡಿಯೇ ಹೇಳುತ್ತಾರೆ. ಹೀಗೆ ಬೆಂದ ಇದ್ದಿಲು ಹೆಚ್ಚಾಗಿ ಜಪಾನಿಗೆ ಹೋಗುತ್ತದೆ.