ಮೊದಲ ಗೆರೆ: ಬಿದರಿ ಕಲೆಯಲ್ಲಿ ನಕ್ಷೆ ಲೋಹಕ್ಕಿಳಿಯುವ ಬಗೆ



ಬಿದರಿ ಪಾತ್ರೆಯನ್ನು ನೀವು ನೋಡಿಯೇ ಇರುತ್ತೀರಿ. ಮದುವೆಯ ಉಡುಗೊರೆಯಾಗಿಯೋ, ಸನ್ಮಾನ ಸಮಾರಂಭದ ಕಾಣಿಕೆಯಾಗಿಯೋ ಅದು ನಮ್ಮ ಮನೆಗಳ ಕಪಾಟು ಸೇರಿರುತ್ತದೆ. ಕಪ್ಪು ಮೈ, ಅದರ ಮೇಲೆ ಬೆಳ್ಳಿಯ ಹೂಬಳ್ಳಿ. ನೋಡಿದವರು ಬೆಳ್ಳಿಯ ಹೊಳಪನ್ನು ಹೊಗಳುತ್ತಾರೆ, ಬೀದರ ಕೋಟೆಯ ಮಣ್ಣಿನ ಮಹಿಮೆಯನ್ನು ಹೇಳುತ್ತಾರೆ. ಆದರೆ ಆ ಬಳ್ಳಿ ಲೋಹದ ಮೇಲೆ ಮೊದಲು ಮೂಡಿದ್ದು ಹೇಗೆ ಎಂದು ಕೇಳುವವರು ಕಡಿಮೆ. ಈ ಲೇಖನ ಆ ಮೊದಲ ಗೆರೆಯ ಬಗ್ಗೆ.

ಮೊದಲು ಸ್ವಲ್ಪ ಇತಿಹಾಸ. 1422ರಲ್ಲಿ ಪಟ್ಟಕ್ಕೆ ಬಂದ ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದನು. ಅವನ ಆಶ್ರಯಕ್ಕೆ ಬಂದ ಇರಾನಿನ ಕುಶಲಕರ್ಮಿಯೊಬ್ಬನಿಂದ ಈ ಕಲೆ ಇಲ್ಲಿ ಬೇರೂರಿತು ಎಂಬುದು ಬೀದರಿನ ಕಾರೀಗರರಲ್ಲಿ ತಲೆಮಾರುಗಳಿಂದ ಬಂದ ನಂಬಿಕೆ. ಮುಂದೆ 16ನೆಯ ಶತಮಾನದಲ್ಲಿ ಅಲಿ ಬರೀದ್ ಶಾಹನ ಕಾಲದಲ್ಲಿ ಕೋಟೆಯೊಳಗಿನ ರಂಗೀನ್ ಮಹಲಿನ ಕರಿಗಲ್ಲಿನಲ್ಲಿ ಮುತ್ತಿನ ಚಿಪ್ಪಿನ ಬಳ್ಳಿಗಳನ್ನು ಕೂರಿಸಿದರು. ಆ ಗೋಡೆಯನ್ನೂ ಒಂದು ಬಿದರಿ ಹೂಜಿಯನ್ನೂ ಅಕ್ಕಪಕ್ಕ ನೆನೆಸಿಕೊಳ್ಳಿ. ಕಪ್ಪಿನಲ್ಲಿ ಬಿಳುಪನ್ನು ಅರಳಿಸುವ ಕಣ್ಣು ಎರಡರಲ್ಲೂ ಒಂದೇ.

ಇನ್ನು ಕೆಲಸದ ಕ್ರಮ. ಸುಮಾರು 16 ಭಾಗ ಸತುವಿಗೆ ಒಂದು ಭಾಗ ತಾಮ್ರ ಸೇರಿಸಿ ಕರಗಿಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಹೊರಬಂದ ಪಾತ್ರೆಯನ್ನು ಅರದಿಂದ ಉಜ್ಜಿ ನಯ ಮಾಡುತ್ತಾರೆ. ಆಗ ಅದರ ಮೈ ಬೂದು ಬಿಳುಪು. ಅದರ ಮೇಲೆ ಸೂಜಿಯಿಂದ ಗೀಚಿದರೆ ಗೆರೆ ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ಕಾರೀಗರರು ಕಂಡುಕೊಂಡ ಉಪಾಯ ಮೈಲುತುತ್ತ. ಮೈಲುತುತ್ತದ ನೀರನ್ನು ಸವರಿದ ಕೂಡಲೇ ಪಾತ್ರೆಯ ಮೈ ಕಪ್ಪಾಗುತ್ತದೆ.

ಪ್ರೌಢಶಾಲೆಯ ವಿದ್ಯಾರ್ಥಿಗಳೇ, ಇದರ ಕಾರಣ ನಿಮ್ಮ ವಿಜ್ಞಾನ ಪುಸ್ತಕದಲ್ಲೇ ಇದೆ. ಸತು ತಾಮ್ರಕ್ಕಿಂತ ಚುರುಕಾದ ಲೋಹ. ಅದು ದ್ರಾವಣದಲ್ಲಿರುವ ತಾಮ್ರವನ್ನು ಹೊರದಬ್ಬಿ ಅದರ ಜಾಗದಲ್ಲಿ ತಾನು ಸೇರುತ್ತದೆ. ಹೊರಬಂದ ತಾಮ್ರ ಪಾತ್ರೆಯ ಮೇಲೆ ತೆಳುವಾದ ಕಪ್ಪು ಪೊರೆಯಾಗಿ ಕೂರುತ್ತದೆ. ಈ ಪೊರೆಯ ಮೇಲೆ ಚೂಪಾದ ಉಕ್ಕಿನ ಮೊನೆಯಿಂದ ಎಳೆದ ಗೆರೆ ಬೆಳ್ಳಗೆ ಹೊಳೆಯುತ್ತದೆ. ಸ್ಲೇಟಿನ ಮೇಲೆ ಬಳಪದಿಂದ ಬರೆದ ಹಾಗೆ! ಸ್ಲೇಟಿನಂತೆಯೇ ಇಲ್ಲಿ ತಪ್ಪಿದರೆ ಉಜ್ಜಿ, ಮತ್ತೆ ಕಪ್ಪು ಮಾಡಿ, ಮತ್ತೆ ಬರೆಯಬಹುದು. ಉಳಿ ತಾಗಿದ ಮೇಲೆ ಆ ಅವಕಾಶವಿಲ್ಲ.

ಚಪ್ಪಟೆ ತಟ್ಟೆಯಾದರೆ ಕಾಗದದ ಮೇಲಿನ ನಕ್ಷೆಯನ್ನು ಅದರ ಮೇಲೆ ಇಳಿಸಿಕೊಳ್ಳುವುದು ಸುಲಭ. ಆದರೆ ಹೂಜಿಯ ಉಬ್ಬಿದ ಹೊಟ್ಟೆಯ ಮೇಲೆ ಕಾಗದ ಸುಕ್ಕುಗಟ್ಟುತ್ತದೆ. ಹೊಟ್ಟೆಯಿಂದ ಕತ್ತಿಗೆ ಹೋದಂತೆ ಸುತ್ತಳತೆ ಕಿರಿದಾಗುತ್ತದೆ. ಸುತ್ತಿನ ಹೂಗಳ ಎಣಿಕೆ ತಪ್ಪದಂತೆ ಪ್ರತಿ ಹೂವೂ ಚಿಕ್ಕದಾಗಬೇಕು, ಬಳ್ಳಿ ಹೊರಟ ಜಾಗಕ್ಕೇ ಬಂದು ಕೂಡಿಕೊಳ್ಳಬೇಕು. ಈ ಲೆಕ್ಕ ಕಾಗದದಲ್ಲಿಲ್ಲ, ಕಾರೀಗರನ ಕೈಯಲ್ಲಿದೆ. ಅಶ್ರಫಿ ಬೂಟಿ, ಗಸಗಸೆ ಗಿಡ, ನಕ್ಷತ್ರ, ಬಳ್ಳಿ ಇವೆಲ್ಲ ನುರಿತ ಕೈಯಿಂದ ನೇರವಾಗಿಯೇ ಇಳಿಯುತ್ತವೆ.

ಆಮೇಲೆ ಗೆರೆಯನ್ನು ಅನುಸರಿಸಿ ಉಳಿಯಿಂದ ಕೊರೆಯುವುದು, ಕೊರೆದಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಸುತ್ತಿಗೆಯಿಂದ ಕೂರಿಸುವುದು, ಮತ್ತೆ ಉಜ್ಜುವುದು. ಆ ಉಜ್ಜಾಟದಲ್ಲಿ ಮೈಲುತುತ್ತದ ಕಪ್ಪು ಪೂರ್ತಿ ಹೋಗಿಬಿಡುತ್ತದೆ. ಕೊನೆಗೆ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಬೆರೆಸಿದ ನೀರಿನಿಂದ, ಬಿಸಿ ಮಾಡಿದ ಪಾತ್ರೆಗೆ ಶಾಶ್ವತವಾದ ಕಪ್ಪು ಬರುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಹೀಗೆ ಒಂದೇ ಪಾತ್ರೆ ಎರಡು ಸಲ ಕಪ್ಪಾಗುತ್ತದೆ. ಎರಡನೆಯ ಕಪ್ಪನ್ನು ಜಗತ್ತು ನೋಡುತ್ತದೆ. ಮೊದಲನೆಯ ಕಪ್ಪು ತನ್ನ ಕೆಲಸ ಮುಗಿಸಿ ಅಳಿದುಹೋಗುತ್ತದೆ, ಶಾಲೆಯ ಮೊದಲ ತರಗತಿಯ ಪಾಠದಂತೆ.

ಭಾಷೆಯ ಶಿಕ್ಷಕನಾಗಿ ಒಂದು ಮಾತು ಹೇಳಬೇಕು. ಅರಬ್ಬಿಯಿಂದ ಉರ್ದುವಿಗೆ ಬಂದ 'ನಕ್ಷ್' ಎಂಬ ಶಬ್ದದ ಬಂಧುಗಳೇ ಕನ್ನಡದ ನಕ್ಷೆ, ನಕಾಶೆ, ನಕಾಶಿ ಕೆಲಸ. 'ಕಲಮ್' ಎಂದರೆ ಲೇಖನಿ. ಬಿದರಿ ಕಾರೀಗರನ ಸಣ್ಣ ಉಳಿಗೂ ಅದೇ ಹೆಸರು. ಬರೆಯುವುದನ್ನೂ ಕೊರೆಯುವುದನ್ನೂ ನಮ್ಮ ಹಿರಿಯರು ಬೇರೆ ಮಾಡಿರಲಿಲ್ಲ. ನಾವು ಮಾಡಿದ್ದೇವೆ.

ನನ್ನ ತಪ್ಪನ್ನೇ ಹೇಳುತ್ತೇನೆ. ನನ್ನ ತರಗತಿಯಲ್ಲಿ ಕಾರೀಗರರ ಮನೆಯ ಹುಡುಗನೊಬ್ಬನಿದ್ದ. ಅವನ ಉರ್ದು ನೋಟುಬುಕ್ಕಿನ ಅಂಚಿನ ತುಂಬ ಬಳ್ಳಿಗಳು. ಪಾಠದ ಕಡೆ ಗಮನವಿಲ್ಲವೆಂದು ಎಲ್ಲರೆದುರು ಗದರಿದೆ. ಪಾಲಕರ ಸಭೆಗೆ ಬಂದ ಅವನ ತಂದೆಗೆ ಆ ಪುಸ್ತಕ ತೋರಿಸಿ ದೂರು ಹೇಳಿದೆ. ಅವರು ಒಂದೊಂದೇ ಪುಟ ತಿರುಗಿಸಿ ನೋಡಿದರು. "ಮಾಸ್ಟರ್ ಸಾಬ್, ಎರಡು ವರ್ಷದಿಂದ ನಾನೇ ಕಲಿಸ್ತಾ ಇದ್ದೀನಿ. ಕೈ ಈಗ ಕೂಡಿ ಬಂದಿದೆ. ಆದರೆ ಅವನನ್ನು ಬೈಬೇಡಿ ಅಂತ ಹೇಳೋ ಧೈರ್ಯ ನನಗಿಲ್ಲ. ಇದರಿಂದ ನಾಳೆ ಅವನ ಹೊಟ್ಟೆ ತುಂಬುತ್ತೆ ಅಂತ ಹೇಗೆ ಹೇಳಲಿ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಈ ಕಲೆಗೆ ಮನ್ನಣೆ ಸಿಕ್ಕಿಲ್ಲವೆಂದಲ್ಲ. 2006ರ ಹೊತ್ತಿಗೆ ಬಿದರಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರಲ್ಲಿ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಇವು ಹೆಮ್ಮೆಯ ಸಂಗತಿಗಳು. ಆದರೆ ಪ್ರಶಸ್ತಿ ಬರುವುದು ಮುಗಿದ ಪಾತ್ರೆಗೆ. ಮೊದಲ ಗೆರೆ ಎಳೆಯುವ ಎಳೆಯ ಕೈಯನ್ನು ಕಾಯಬೇಕಾದವರು ಮನೆಯವರು ಮತ್ತು ಶಾಲೆಯವರು.

ಆದ್ದರಿಂದ ಶಿಕ್ಷಕ ಬಂಧುಗಳಲ್ಲಿ ನನ್ನದೊಂದು ವಿನಂತಿ. ಪರೀಕ್ಷೆ ಹತ್ತಿರ ಬಂತೆಂದು ಚಿತ್ರಕಲೆಯ ಪಿರಿಯಡನ್ನು ಗಣಿತಕ್ಕೆ ಕೊಡಬೇಡಿ. ವಿದ್ಯಾರ್ಥಿಗಳೇ, ಪ್ರವಾಸಕ್ಕೆ ಬೀದರಿಗೆ ಹೋದಾಗ ಕೋಟೆ ನೋಡಿ ಮರಳಬೇಡಿ. ಕಾರೀಗರರ ಓಣಿಗೆ ಹೋಗಿ ಅರ್ಧ ಗಂಟೆ ಕುಳಿತು, ಮೈಲುತುತ್ತ ಸವರಿದ ಪಾತ್ರೆಯ ಮೇಲೆ ಮೊದಲ ಗೆರೆ ಬೀಳುವುದನ್ನು ನೋಡಿ. ಆ ಹುಡುಗನ ನೋಟುಬುಕ್ಕಿನ ಅಂಚನ್ನು ನಾನೀಗ ಖಾಲಿ ಬಿಡಿಸುವುದಿಲ್ಲ. ಪಾಠವನ್ನೂ ಬರೆ, ಬಳ್ಳಿಯನ್ನೂ ಬರೆ ಎಂದು ಹೇಳಿದ್ದೇನೆ.