ಮಂದ್ರತಂತಿಯೂ ಬೆರಳಿನ ಸಾಧನೆಯೂ

ಮಂದ್ರತಂತಿಯ ನಾದವು ಕೇಳುವವನ ಕಿವಿಗೆ ಎಷ್ಟು ಸುಖಕರವೋ ನುಡಿಸುವವನ ಕೈಗೆ ಅಷ್ಟೇ ಶ್ರಮಕರವಾದುದು. ಈ ಶ್ರಮದ ಚರಿತ್ರೆಯು ನಮ್ಮ ಸೀಮೆಗೆ ಹೊರಗಿನದಲ್ಲವೆಂಬುದನ್ನು ವಾಚಕರ ಅವಗಾಹನೆಗೆ ತರಬೇಕೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿರುವೆನು.

ನಮ್ಮ ಸವದತ್ತಿಯು ಸುಗಂಧವರ್ತಿಯೆಂಬ ಹೆಸರಿನಿಂದ ರಟ್ಟರ ರಾಜಧಾನಿಯಾಗಿದ್ದುದನ್ನು ಬಲ್ಲವರು ಬಲ್ಲರು. 13ನೆಯ ಶತಮಾನದ ಪೂರ್ವಾರ್ಧದಲ್ಲಿ ದೇವಗಿರಿಯ ಯಾದವ ಸಿಂಘಣನ ದಂಡನಾಯಕನು ಆ ರಟ್ಟರನ್ನು ಅಡಗಿಸಿದನು. ಅದೇ ಸಿಂಘಣನ ಆಶ್ರಯದಲ್ಲಿ ಶಾರ್ಙ್ಗದೇವನು ‘ಸಂಗೀತರತ್ನಾಕರ’ವನ್ನು ರಚಿಸಿದನು. ಮಂದ್ರಕ್ಕೆ ಹೃದಯವನ್ನೂ ಮಧ್ಯಕ್ಕೆ ಕಂಠವನ್ನೂ ತಾರಕ್ಕೆ ಶಿರಸ್ಸನ್ನೂ ಸ್ಥಾನವೆಂದು ಹೇಳಿದ ಆ ಪಂಡಿತನು ವಾದ್ಯಾಧ್ಯಾಯದಲ್ಲಿ ವೈಣಿಕನ ಬಲಗೈ, ಎಡಗೈ, ಉಭಯಹಸ್ತಗಳ ವ್ಯಾಪಾರಗಳನ್ನು ಬೇರೆಬೇರೆ ಹೆಸರಿಟ್ಟು ವರ್ಣಿಸಿದ್ದಾನೆ. ನಾದಬ್ರಹ್ಮವನ್ನು ಸ್ತುತಿಸಿದ ಲೇಖನಿಗೆ ಬೆರಳ ತುದಿಯೂ ಕೀಳಾಗಿ ಕಾಣಲಿಲ್ಲ.

ಕಿತ್ತೂರಿಗೆ ಸಮೀಪದ ಧಾರವಾಡದಲ್ಲಿ ನೆಲೆಸಿ 1954ರಲ್ಲಿ ದಿವಂಗತರಾದ ಸಿತಾರರತ್ನ ರಹಿಮತ್‌ಖಾನರು ಪ್ರಸಿದ್ಧ ಬೀನಕಾರ ಬಂದೇ ಅಲಿಖಾನರ ಶಿಷ್ಯರು. ಬೀನದ ಗಾಂಭೀರ್ಯವನ್ನು ಸಿತಾರಕ್ಕೆ ತರಲು ಮಂದ್ರದ ತಂತಿಗಳ ಜೋಡಣೆಯನ್ನು ಅವರು ತಿದ್ದಿದರೆಂದು ಆ ಪರಂಪರೆಯವರು ಹೇಳುತ್ತಾರೆ. ಇದರ ಬೆಲೆಯನ್ನು ತೆರಬೇಕಾದುದು ಎಡಗೈಯೇ. ಮೀಂಡಿನಲ್ಲಿ ತಂತಿಯನ್ನು ಪಕ್ಕಕ್ಕೆಳೆದು ಸ್ವರವನ್ನು ಏರಿಸುತ್ತಾರಷ್ಟೆ. ಷಡ್ಜದಿಂದ ಪಂಚಮಕ್ಕೆ ಏರಬೇಕಾದರೆ ತಂತಿಯ ಬಿಗಿತವು ಸುಮಾರು ಎರಡೂಕಾಲು ಪಟ್ಟಾಗಬೇಕು! ಅದೂ ಒಂದೆರಡು ಬೆರಳುಗಳ ಬಲದಿಂದ, ಸ್ವರವು ಕದಲದಂತೆ. ಆದುದರಿಂದಲೇ ‘ಸರಿಗಮ, ರಿಗಮಪ, ಗಮಪದ’ ಎಂಬ ಪಲಟಗಳನ್ನು ಮೊದಲು ವಿಲಂಬದಲ್ಲಿ, ಆಮೇಲೆ ದುಪ್ಪಟ್ಟು ಲಯದಲ್ಲಿ ಸಾಧಿಸುವುದು. ‘ದಾ’ ‘ರಾ’ ಎಂಬ ಎರಡು ಪೆಟ್ಟುಗಳೂ ಸಮತೂಕವಾಗಿರಬೇಕು. ತುದಿಬೆರಳಲ್ಲಿ ಜಡ್ಡುಗಟ್ಟುವುದು ಸಹಜ. ಮಣಿಕಟ್ಟು ನೋಯುತ್ತಿರಲು ಹಟದಿಂದ ಮುಂದುವರಿಸುವುದು ಸಾಧನೆಯಲ್ಲ, ಅವಿವೇಕ.

ನಮ್ಮ ತರುಣರು ಮೆಚ್ಚುವ ಬೇಸ್ ಗಿಟಾರಿಗೂ ಈ ಮಾತು ಸಲ್ಲುವುದು. 1951ರಲ್ಲಿ ಅಮೇರಿಕೆಯ ಲಿಯೊ ಫೆಂಡರನು ಮಾರಾಟಕ್ಕೆ ತಂದ ಆ ವಾದ್ಯದ ತಂತಿಯ ನುಡಿಯುವ ಭಾಗವೇ 34 ಅಂಗುಲ. ಬೆರಳುಗಳು ಅಗಲಕ್ಕೆ ಚಾಚದ ಹೊರತು ಗತಿಯಿಲ್ಲ.

ಇಷ್ಟೆಲ್ಲ ಹೇಳಿ ನಮ್ಮ ಮನೆಯಂಗಳದ ವಾದ್ಯವನ್ನು ಮರೆಯಬಹುದೇ? ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡವೇರಿದವರೆಲ್ಲರೂ ಜೋಗತಿಯರ ಚೌಡಿಕೆಯನ್ನು ಕೇಳಿರುವರು. ಕೊಳಗದಂಥ ಒಡಲು, ತಳಕ್ಕೆ ತೊಗಲು, ಅದರ ನಡುವಿನಿಂದ ಮೇಲಣ ಕುಣಿಕೆಗೆ ಬಿಗಿದ ಒಂದೇ ತಂತಿ. ಅದನ್ನು ಕಂಕುಳಲ್ಲಿ ಅವುಚಿ, ನಿಂತು, ದೀರ್ಘವಾದ ಕಥನಗೀತವನ್ನು ಹಾಡುತ್ತಲೇ ಮೀಟಬೇಕು. ಶ್ರುತಿಯೂ ತಾಳವೂ ಆ ಒಂದೇ ತಂತಿಯಿಂದ ಹೊರಡಬೇಕು. ಇದು ಯಾವ ಉಸ್ತಾದನ ಸಾಧನೆಗೆ ಕಡಿಮೆ? ಆದರೂ ಸಿತಾರಿನವನ ಶ್ರಮವನ್ನು ತಪಸ್ಸೆಂದ ನಮ್ಮ ಸುಶಿಕ್ಷಿತ ಸಮಾಜವು ಇವಳ ಶ್ರಮವನ್ನು ಭಿಕ್ಷೆಯೆಂದಿತು. ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಡುವ ದುಷ್ಟಪದ್ಧತಿಯನ್ನು ಕರ್ನಾಟಕವು 1982ರ ಅಧಿನಿಯಮದಿಂದ ನಿಷೇಧಿಸಿದ್ದು ಸರ್ವಥಾ ಯೋಗ್ಯವೇ. ಪದ್ಧತಿಯು ಅಳಿಯಲಿ, ಕೈಚಳಕವೂ ಅದರೊಡನೆ ಅಳಿಯಬೇಕೆಂಬ ನಿಯಮವೇನು? ಜೋಗತಿ ಕಲೆಯ ಮಂಜಮ್ಮನವರಿಗೆ 2021ರ ಪದ್ಮಶ್ರೀ ಸಂದಾಗ ಅನೇಕರು ಮೊದಲ ಬಾರಿಗೆ ಆ ಕಡೆ ತಿರುಗಿ ನೋಡಿದರು. ಆದರೆ ಶಾರ್ಙ್ಗದೇವನು ವೈಣಿಕನಿಗೆ ಮಾಡಿದಂತೆ ಚೌಡಿಕೆಯ ಹಸ್ತವ್ಯಾಪಾರಗಳಿಗೆ ಹೆಸರಿಟ್ಟು ಬರೆದ ಗ್ರಂಥವನ್ನು ನಾನಂತೂ ಕಂಡಿಲ್ಲ. ಬೈಲಹೊಂಗಲ, ರಾಮದುರ್ಗಗಳಿಂದ ಗುಡ್ಡಕ್ಕೆ ಹೋಗುವ ನಮ್ಮ ಸದಸ್ಯರು ಮುಂದಿನ ಹುಣ್ಣಿಮೆಗೆ ಕಾಯಿಕರ್ಪೂರದ ಜೊತೆಗೆ ಒಂದು ವಹಿಯನ್ನೂ ಒಯ್ಯಲಿ. ವೃದ್ಧ ಜೋಗತಿಯರ ಬಳಿ ಕುಳಿತು, ಯಾವ ಪೆಟ್ಟಿಗೆ ಅವರು ಏನೆನ್ನುವರೆಂದು ಕೇಳಿ ಬರೆದುಕೊಳ್ಳಲಿ.