ಸಿಕ್ಕಿದ್ದೆಷ್ಟು, ಸಿಗದೆ ಉಳಿದದ್ದೆಷ್ಟು?

ಮಳವಳ್ಳಿ ಅಥವಾ ಮದ್ದೂರು ಕಡೆಯ ಯಾವುದಾದರೂ ಊರಿನ ಕಬ್ಬಿನ ಗದ್ದೆಯಲ್ಲಿ ಚಿರತೆ ಕಾಣಿಸಿಕೊಂಡರೆ ಮೊದಲು ಏಳುವ ಪ್ರಶ್ನೆ ಒಂದೇ: ಈ ಸುತ್ತಿನಲ್ಲಿ ಒಟ್ಟು ಎಷ್ಟಿವೆ? ಒಂದೇ ಚಿರತೆ ಮೂರು ರಾತ್ರಿ ಮೂರು ಊರಲ್ಲಿ ಕಂಡರೆ ಜನರ ಬಾಯಲ್ಲಿ ಅದು ಮೂರು ಚಿರತೆ. ಯಾರ ಕಣ್ಣಿಗೂ ಬೀಳದೆ ಹಳ್ಳದ ಪೊದೆಯಲ್ಲಿ ಮರಿ ಹಾಕಿದ ಹೆಣ್ಣು ಯಾವ ಲೆಕ್ಕಕ್ಕೂ ಬರುವುದಿಲ್ಲ. ಕಂಡದ್ದನ್ನು ಎಣಿಸುವುದಕ್ಕೂ ಇರುವುದನ್ನು ತಿಳಿಯುವುದಕ್ಕೂ ನಡುವೆ ದೊಡ್ಡ ಅಂತರವಿದೆ. ಆ ಅಂತರವನ್ನು ಅಳೆಯಲು ವಿಜ್ಞಾನ ಕಂಡುಕೊಂಡ ದಾರಿಗೆ ಗುರುತು-ಮರುಹಿಡಿತ ಎನ್ನಬಹುದು. ಮೀನಿನಿಂದ ಶುರುವಾಗಿ ಹಕ್ಕಿ, ಸಲಮಾಂಡರ್, ಹುಲಿಗಳನ್ನು ದಾಟಿ ಈ ವಿದ್ಯೆ ನಮ್ಮ ಕಾವೇರಿ ದಂಡೆಗೂ ಬಂದಿದೆ.

ಲೆಕ್ಕದ ಹುಟ್ಟು

ಒಂದು ಕೆರೆಯಲ್ಲಿ ಬಲೆ ಬೀಸಿ 40 ಮೀನು ಹಿಡಿದು, ಗುರುತು ಹಾಕಿ, ನೀರಿಗೇ ಬಿಟ್ಟೆವು ಎಂದುಕೊಳ್ಳೋಣ. ಅವು ಉಳಿದವುಗಳ ಜೊತೆ ಬೆರೆತ ಮೇಲೆ ಮತ್ತೆ ಬಲೆ ಬೀಸಿದಾಗ 50 ಸಿಕ್ಕವು. ಅವುಗಳಲ್ಲಿ 10ಕ್ಕೆ ಗುರುತಿತ್ತು. ಎರಡನೆಯ ಹಿಡಿತದ ಐದನೇ ಒಂದು ಪಾಲಿಗೆ ಗುರುತಿದ್ದರೆ ಇಡೀ ಕೆರೆಯಲ್ಲೂ ಹೆಚ್ಚುಕಡಿಮೆ ಅದೇ ಪಾಲು ಇರಬೇಕು. ಹಾಗಾದರೆ 40 ಎಂಬುದು ಒಟ್ಟು ಮೀನಿನ ಐದನೇ ಒಂದು ಭಾಗ. ಕೆರೆಯಲ್ಲಿರುವುದು ಸುಮಾರು 200. ಗುರುತಿನ ಮೀನು 10ರ ಬದಲು 5 ಮಾತ್ರ ಸಿಕ್ಕಿದ್ದರೆ ಅಂದಾಜು 400ಕ್ಕೆ ಏರುತ್ತಿತ್ತು. ಮತ್ತೆ ಸಿಕ್ಕವು ಕಡಿಮೆಯಾದಷ್ಟೂ ನಾವು ನೋಡದೆ ಉಳಿದವು ಹೆಚ್ಚು.

ಈ ತರ್ಕದ ಬೇರು ಮನುಷ್ಯರ ಎಣಿಕೆಯಲ್ಲಿದೆ. 1802ರಲ್ಲಿ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಆಯ್ದ ಊರುಗಳ ಜನಸಂಖ್ಯೆಗೂ ಅಲ್ಲಿನ ಜನನ ದಾಖಲೆಗಳಿಗೂ ಇದ್ದ ಅನುಪಾತ ಹಿಡಿದು ಇಡೀ ದೇಶದ ಜನಸಂಖ್ಯೆಯನ್ನು ಅಂದಾಜು ಮಾಡಿದ. ಡೆನ್ಮಾರ್ಕಿನ ಮೀನುಗಾರಿಕಾ ವಿಜ್ಞಾನಿ ಪೀಟರ್ಸನ್ 1896ರ ಹೊತ್ತಿಗೆ ಚಪ್ಪಟೆ ಮೀನುಗಳಿಗೆ ಗುರುತು ಹಾಕಿ ಬಿಡುವ ಕೆಲಸವನ್ನು ವಿವರವಾಗಿ ಬರೆದ. ಅಮೆರಿಕದ ಫ್ರೆಡೆರಿಕ್ ಲಿಂಕನ್ 1930ರಲ್ಲಿ, ಬೇಟೆಗಾರರು ಹಿಂದಿರುಗಿಸಿದ ಕಾಲುಂಗುರಗಳಿಂದ ಬಾತುಕೋಳಿಗಳ ಒಟ್ಟು ಸಂಖ್ಯೆಯನ್ನು ಲೆಕ್ಕ ಹಾಕಿದ. ಪೀಟರ್ಸನ್, ಲಿಂಕನ್ ಇಬ್ಬರ ಹೆಸರೂ ಈ ಲೆಕ್ಕದ ಸೂತ್ರಕ್ಕೆ ಅಂಟಿಕೊಂಡಿವೆ.

ಸೂತ್ರ ಸರಳ, ಅದರ ಷರತ್ತುಗಳು ಕಠಿಣ. ಎರಡು ಹಿಡಿತಗಳ ನಡುವೆ ಹುಟ್ಟು, ಸಾವು, ವಲಸೆ ಇರಬಾರದು. ಗುರುತು ಅಳಿಸಬಾರದು. ಪ್ರತಿ ಪ್ರಾಣಿಗೂ ಸಿಕ್ಕಿಬೀಳುವ ಸಾಧ್ಯತೆ ಸಮನಾಗಿರಬೇಕು. ಬಯಲಿನಲ್ಲಿ ಇವು ಮೂರೂ ಕೆಡುತ್ತವೆ. ಒಮ್ಮೆ ಬೋನಿಗೆ ಬಿದ್ದ ಪ್ರಾಣಿ ಮತ್ತೆ ಅದರ ಹತ್ತಿರ ಸುಳಿಯದಿರಬಹುದು. ಬೋನಿನಲ್ಲಿಟ್ಟ ಆಹಾರದ ರುಚಿ ಹತ್ತಿದ್ದು ಪದೇ ಪದೇ ಬರಬಹುದು. ನಾಲೆಗೆ ನೀರು ಬಿಟ್ಟ ದಿನವೇ ಗದ್ದೆಯ ಕಪ್ಪೆಗಳ ಊರು ಬದಲಾಗುತ್ತದೆ. ಮುಂದಿನ ಅರ್ಧ ಶತಮಾನದ ಸಂಖ್ಯಾಶಾಸ್ತ್ರ ಈ ತೊಡಕುಗಳನ್ನೇ ಒಂದೊಂದಾಗಿ ಬಿಡಿಸಿತು. 1938ರಲ್ಲಿ ಶ್ನಾಬೆಲ್ ಎಂಬಾಕೆ ಹಲವು ಬಾರಿಯ ಹಿಡಿತಗಳನ್ನು ಒಟ್ಟುಗೂಡಿಸುವ ದಾರಿ ತೋರಿಸಿದರು. 1964-65ರಲ್ಲಿ ಕಾರ್ಮ್ಯಾಕ್, ಜಾಲಿ, ಸೆಬರ್ ಹುಟ್ಟುಸಾವು ನಡೆಯುತ್ತಿರುವ ಸಂತತಿಯಲ್ಲೂ ಬದುಕುಳಿಯುವ ಪ್ರಮಾಣವನ್ನು ಅಳೆಯಬಹುದೆಂದು ತೋರಿಸಿದರು. 1978ರಲ್ಲಿ ಓಟಿಸ್ ಮತ್ತು ಸಂಗಡಿಗರು ಪ್ರಾಣಿಯಿಂದ ಪ್ರಾಣಿಗೆ, ದಿನದಿಂದ ದಿನಕ್ಕೆ ಬದಲಾಗುವ ಹಿಡಿತದ ಸಾಧ್ಯತೆಗಳಿಗೆ ಬೇರೆ ಬೇರೆ ಮಾದರಿಗಳನ್ನು ಕೊಟ್ಟರು. 1982ರಲ್ಲಿ ಪೊಲಾಕ್ ಈ ಎರಡೂ ಧಾರೆಗಳನ್ನು ಒಂದೇ ವಿನ್ಯಾಸದಲ್ಲಿ ಕೂಡಿಸಿದರು.

ತೊರೆಯ ಸಲಮಾಂಡರ್ ಕಲಿಸಿದ್ದು

ಕರ್ನಾಟಕದಲ್ಲಿ ಸಲಮಾಂಡರ್ ಇಲ್ಲ. ನಮ್ಮ ಉಭಯಜೀವಿಗಳೆಂದರೆ ಕಪ್ಪೆಗಳು ಮತ್ತು ಮಣ್ಣಿನಡಿ ಬದುಕುವ, ಕಾಲಿಲ್ಲದ ಸಿಸಿಲಿಯನ್‌ಗಳು. ಬಾಲವುಳ್ಳ ಉಭಯಜೀವಿಯನ್ನು ಭಾರತದಲ್ಲಿ ಕಾಣಬೇಕಾದರೆ ಡಾರ್ಜಿಲಿಂಗ್‌ನಂಥ ಪೂರ್ವ ಹಿಮಾಲಯದ ಅಥವಾ ಈಶಾನ್ಯದ ಬೆಟ್ಟಗಳಿಗೇ ಹೋಗಬೇಕು. ಆದರೂ ಸಣ್ಣ ತೊರೆಗಳ ಜೀವಿಗಳನ್ನು ಹೇಗೆ ಹಿಂಬಾಲಿಸಬೇಕೆಂಬುದಕ್ಕೆ ಅಮೆರಿಕದ ಸಲಮಾಂಡರ್ ಅಧ್ಯಯನಗಳಷ್ಟು ಒಳ್ಳೆಯ ಪಾಠ ಬೇರೆಡೆ ಸಿಗುವುದು ಕಷ್ಟ.

ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮೆರಿಲ್ ಬ್ರೂಕ್ ಎಂಬ ತೊರೆಯಲ್ಲಿ ವಿನ್ಸರ್ ಲೋ ಮತ್ತು ಸಂಗಡಿಗರು ಒಂದೇ ಜಾತಿಯ ಸಲಮಾಂಡರನ್ನು 20 ವರ್ಷ ಬೆನ್ನುಹತ್ತಿದರು. ತೊರೆಯ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ನೋಡುವುದು, ಸಿಕ್ಕ ಪ್ರಾಣಿಗೆ ಗುರುತು ಮಾಡುವುದು, ಅಳತೆ ಬರೆದು ಹಿಡಿದ ಜಾಗದಲ್ಲೇ ಬಿಡುವುದು: ಅವರ ದಿನಚರಿ ಇಷ್ಟೇ. 2019ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ 1999ರಿಂದೀಚೆಗೆ ವಯಸ್ಕ ಸಲಮಾಂಡರ್‌ಗಳು ಸುಮಾರು ಅರ್ಧಕ್ಕಿಳಿದಿದ್ದವು. ಮರಿಗಳ ಸಂಖ್ಯೆಯಲ್ಲಿ ಮಾತ್ರ ಇಳಿಕೆ ಇರಲಿಲ್ಲ. ಮರಿಗಳು ರೂಪ ಬದಲಿಸಿ ವಯಸ್ಕವಾಗುವ ಘಟ್ಟದಲ್ಲಿ ಹೆಚ್ಚು ಸಾಯುತ್ತಿದ್ದವು. ಮಳೆ ಏರುಪೇರಾಗಿ ತೊರೆಯ ಹರಿವು ಅಸ್ಥಿರವಾದದ್ದಕ್ಕೂ ಆ ಸಾವಿಗೂ ನಂಟಿತ್ತು. ಬರೀ ತಲೆ ಎಣಿಸಿದ್ದರೆ ಮರಿಗಳ ದಂಡು ನೋಡಿ ಎಲ್ಲವೂ ಸರಿಯಿದೆ ಎಂದೇ ಬರೆಯುತ್ತಿದ್ದರು. ಯಾವ ವಯಸ್ಸಿನಲ್ಲಿ, ಯಾವ ವರ್ಷದಲ್ಲಿ ಸೋರಿಕೆ ಆಗುತ್ತಿದೆಯೆಂದು ತೋರಿಸಿಕೊಟ್ಟದ್ದು ಗುರುತು.

ಗುರುತು ಹಾಕುವ ಬಗೆಯ ನೀತಿ ಚರ್ಚೆಯೂ ಉಭಯಜೀವಿಗಳಿಂದಲೇ ತೀವ್ರವಾಯಿತು. ಕಪ್ಪೆಯ ಕಾಲ್ಬೆರಳ ತುದಿ ಕತ್ತರಿಸಿ ಗುರುತಿಸುವ ಪದ್ಧತಿ ದಶಕಗಳ ಕಾಲ ಪ್ರಪಂಚದಾದ್ಯಂತ ನಡೆದಿತ್ತು. ಹೆಚ್ಚು ಬೆರಳು ಕತ್ತರಿಸಿದಷ್ಟೂ ಆ ಕಪ್ಪೆ ಮತ್ತೆ ಸಿಗುವ ಸಾಧ್ಯತೆ ಕಡಿಮೆಯಾಗುತ್ತದೆಂದು ಮೆಕಾರ್ಥಿ ಮತ್ತು ಪ್ಯಾರಿಸ್ 2004ರಲ್ಲಿ ತೋರಿಸಿದರು. ಗುರುತೇ ಪ್ರಾಣಿಯನ್ನು ಕೊಂದರೆ ಅಥವಾ ಓಡಿಸಿದರೆ ಲೆಕ್ಕವೂ ಸುಳ್ಳಾಗುತ್ತದೆ. ದಯೆಯ ಪ್ರಶ್ನೆಯೂ ನಿಖರತೆಯ ಪ್ರಶ್ನೆಯೂ ಇಲ್ಲಿ ಒಂದೇ ಆದವು. ಚರ್ಮದಡಿ ಬಣ್ಣದ ಗೆರೆ ತುಂಬುವುದು, ಅಕ್ಕಿಕಾಳಿನಷ್ಟು ಗಾತ್ರದ ಎಲೆಕ್ಟ್ರಾನಿಕ್ ಚಿಪ್ ಸೇರಿಸುವುದು ರೂಢಿಗೆ ಬಂದವು. ಎಲ್ಲಕ್ಕಿಂತ ಹಗುರವಾದದ್ದು, ಪ್ರಾಣಿಯ ಮೈಮೇಲೆ ಹುಟ್ಟಿನಿಂದಲೇ ಇರುವ ಮಚ್ಚೆಗಳ ಫೋಟೋ ತೆಗೆಯುವುದು.

ನಾಗರಹೊಳೆಯ ತಿರುವು

ಮೈಮೇಲಿನ ಗುರುತಿನ ಈ ದಾರಿಯಲ್ಲಿ ಜಗತ್ತಿಗೇ ಮಾದರಿಯಾದ ಕೆಲಸ ನಡೆದದ್ದು ಕರ್ನಾಟಕದಲ್ಲಿ. 1990ರ ದಶಕದ ಆರಂಭದಲ್ಲಿ ದೇಶವೆಲ್ಲ ಹುಲಿಯನ್ನು ಹೆಜ್ಜೆ ಗುರುತಿನಿಂದ ಎಣಿಸುತ್ತಿತ್ತು. ಹೆಜ್ಜೆ ನೋಡಿ ಪ್ರತಿ ಹುಲಿಯನ್ನೂ ಬೇರೆಯಾಗಿ ಗುರುತಿಸಬಹುದು, ಯಾವುದೂ ತಪ್ಪಿಹೋಗುವುದಿಲ್ಲ ಎಂಬುದು ಆ ಪದ್ಧತಿಯ ನಂಬಿಕೆ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಈ ನಂಬಿಕೆಯನ್ನು ಪ್ರಶ್ನಿಸಿ, ನಾಗರಹೊಳೆಯ ಕಾಡುದಾರಿಗಳಲ್ಲಿ ಎದುರುಬದುರಾಗಿ ಕ್ಯಾಮೆರಾಗಳನ್ನು ಕಟ್ಟಿದರು. ಹುಲಿಯ ಎಡ ಮೈಯ ಪಟ್ಟೆ ಬಲ ಮೈಯಲ್ಲಿ ಇರುವುದಿಲ್ಲವಾದ್ದರಿಂದ ಎರಡೂ ಬದಿ ಒಟ್ಟಿಗೇ ಸಿಗಬೇಕಿತ್ತು. ಮೊದಲ ಫೋಟೋ ಗುರುತು, ಎರಡನೆಯದು ಮರುಹಿಡಿತ. ಪ್ರಾಣಿಯನ್ನು ಮುಟ್ಟುವ ಅಗತ್ಯವೇ ಇರಲಿಲ್ಲ.

1995ರಲ್ಲಿ ಅವರ ಮೊದಲ ಪ್ರಬಂಧ ಬಂತು. ಸಂಖ್ಯಾತಜ್ಞ ಜೇಮ್ಸ್ ನಿಕೋಲ್ಸ್ ಜೊತೆ 1998ರಲ್ಲಿ ಪ್ರಕಟಿಸಿದ ಪ್ರಬಂಧ ನಾಗರಹೊಳೆ, ಕಾನ್ಹಾ, ಕಾಜಿರಂಗ, ಪೆಂಚ್ ಕಾಡುಗಳಿಗೆ ಈ ವಿಧಾನವನ್ನು ಹರಡಿತು. 2006ರ ಪ್ರಬಂಧ ಇನ್ನೂ ಆಳಕ್ಕಿಳಿಯಿತು. 1991ರಿಂದ 2000ದವರೆಗಿನ ಅವಧಿಯ ಚಿತ್ರಗಳಲ್ಲಿ ನಾಗರಹೊಳೆಯ 74 ಹುಲಿಗಳನ್ನು ಬಿಡಿಬಿಡಿಯಾಗಿ ಗುರುತಿಸಲಾಗಿತ್ತು. ಒಂದು ವರ್ಷ ಇದ್ದ ಹುಲಿ ಮುಂದಿನ ವರ್ಷವೂ ಅಲ್ಲೇ ಉಳಿಯುವ ಪ್ರಮಾಣ ನೂರಕ್ಕೆ ಸುಮಾರು 77. ಉಳಿದವು ಸತ್ತಿರುತ್ತವೆ, ಇಲ್ಲವೇ ಜಾಗ ಬಿಟ್ಟು ಹೋಗಿರುತ್ತವೆ. ಚೆನ್ನಾಗಿ ಕಾಪಾಡಿದ ಕಾಡಿನಲ್ಲೂ ಇಷ್ಟು ಹುಲಿಗಳು ಮರೆಯಾಗುತ್ತಲೇ ಇರುತ್ತವೆ, ಹೊಸವು ಅವುಗಳ ಜಾಗ ತುಂಬುತ್ತಲೇ ಇರುತ್ತವೆ ಎಂಬುದು ಬರೀ ಒಟ್ಟು ಸಂಖ್ಯೆಯಿಂದ ಎಂದೂ ತಿಳಿಯುತ್ತಿರಲಿಲ್ಲ.

ರಾಜಸ್ಥಾನದ ಸರಿಸ್ಕಾದಲ್ಲಿ ಒಂದು ಹುಲಿಯೂ ಉಳಿದಿಲ್ಲವೆಂದು 2005ರ ಹೊತ್ತಿಗೆ ಬಯಲಾದಾಗ ಹೆಜ್ಜೆಯ ಎಣಿಕೆಯ ಮೇಲಿನ ವಿಶ್ವಾಸ ಕುಸಿಯಿತು. 2006ರಿಂದ ರಾಷ್ಟ್ರೀಯ ಹುಲಿ ಅಂದಾಜು ಕ್ಯಾಮೆರಾ ಮತ್ತು ಮರುಹಿಡಿತದ ಲೆಕ್ಕವನ್ನು ಒಳಗೊಂಡಿತು. ಇತ್ತ ನಾಗರಹೊಳೆಯ ದತ್ತಾಂಶ ಹೊಸ ಗಣಿತಕ್ಕೂ ನೆಲವಾಯಿತು. ಪ್ರಾಣಿ ಎಲ್ಲಿ ಸಿಕ್ಕಿತು ಎಂಬುದನ್ನೂ ಲೆಕ್ಕಕ್ಕೆ ತರುವ ಮಾದರಿಯನ್ನು 2004ರಲ್ಲಿ ಎಫರ್ಡ್ ಮುಂದಿಟ್ಟಿದ್ದರು. 2009ರಲ್ಲಿ ರಾಯ್ಲ್, ಕಾರಂತ, ಗೋಪಾಲಸ್ವಾಮಿ, ಕುಮಾರ್ ಅದರ ಇನ್ನೊಂದು ರೂಪವನ್ನು ನಾಗರಹೊಳೆಯ ಹುಲಿಗಳ ಮೇಲೆ ಪ್ರಯೋಗಿಸಿದರು. ಅದೇ ವರ್ಷ ಬಂಡೀಪುರದಲ್ಲಿ ಹುಲಿಯ ಮಲದಿಂದ ತೆಗೆದ ಡಿಎನ್‌ಎಯನ್ನೇ ಗುರುತಾಗಿ ಬಳಸಿದ ಅಧ್ಯಯನವೂ ಪ್ರಕಟವಾಯಿತು. ಕಿವಿಯ ಹರುಕು, ದಂತದ ಬಾಗು ನೋಡಿ ಗಂಡಾನೆಗಳನ್ನು ಗುರುತಿಸಿ ಲೆಕ್ಕ ಹಾಕುವ ಕೆಲಸವನ್ನು 2007ರಲ್ಲೇ ವರುಣ್ ಗೋಸ್ವಾಮಿ ಮತ್ತು ಸಂಗಡಿಗರು ಮಾಡಿ ತೋರಿಸಿದ್ದರು.

ಮುತ್ತತ್ತಿಯಿಂದ ಕೊಕ್ಕರೆ ಬೆಳ್ಳೂರಿಗೆ

ಮಂಡ್ಯ ಜಿಲ್ಲೆಗೆ ಈ ವಿದ್ಯೆ ನೇರವಾಗಿ ತಾಗುವುದು ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ ಕಾಡಿನಲ್ಲಿ. 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮ ಮಂಡ್ಯ, ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ), ಚಾಮರಾಜನಗರ ಜಿಲ್ಲೆಗಳಿಗೆ ಹರಡಿಕೊಂಡಿದೆ. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ತಂಡ ಇಲ್ಲಿ ಕ್ಯಾಮೆರಾ ಕಟ್ಟಿ, ಚಿರತೆಗಳನ್ನು ಮೈಮೇಲಿನ ಚುಕ್ಕೆಗೊಂಚಲುಗಳಿಂದ ಗುರುತಿಸುವ ಕೆಲಸ ಮಾಡಿದೆ. ಆ ಕ್ಯಾಮೆರಾಗಳಿಂದಲೇ ತರಕರಡಿ ಎಂಬ ನಿಶಾಚರ ಪ್ರಾಣಿಯ, ಕರ್ನಾಟಕದ ಮೊದಲ ಛಾಯಾಚಿತ್ರ ದಾಖಲೆ 2014ರಲ್ಲಿ ಪ್ರಕಟವಾಯಿತು. ಚಿರತೆಗೆಂದು ಇಟ್ಟ ಕಣ್ಣು ಯಾರೂ ನಿರೀಕ್ಷಿಸದ ಜೀವಿಯನ್ನೂ ಕಂಡಿತು. ಕಬ್ಬಿನ ಗದ್ದೆಯ ಚಿರತೆಯನ್ನು ಬೋನಿನಲ್ಲಿ ಹಿಡಿದು ಬೇರೆಡೆ ಬಿಡುವಾಗ ಅದರ ಎರಡೂ ಬದಿಯ ಫೋಟೋ ಇಟ್ಟುಕೊಂಡರೆ, ಅದು ಮುಂದೆ ಎಲ್ಲಿ ಕಾಣಿಸಿತು, ಬದುಕಿತೇ, ಹಿಂದಿರುಗಿತೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವ ದಾರಿ ತೆರೆಯುತ್ತದೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನದು ಬೇರೆಯೇ ಬಗೆ. ಇಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಸಮೀಕ್ಷೆ ಈ ಊರನ್ನು ಹೊರಜಗತ್ತಿಗೆ ಪರಿಚಯಿಸಿತು. ಮುಂದೆ ಕೆ. ಮನು ಮತ್ತು ಊರಿನ ಯುವಕರ ಹೆಜ್ಜಾರ್ಲೆ ಬಳಗ ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಕೆಲಸ ಕೈಗೊಂಡರು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಗೂಡುಗಳು ಕಣ್ಣೆದುರೇ ಇರುವುದರಿಂದ ಅವನ್ನು ಎಣಿಸಲು ಗಣಿತದ ನೆರವು ಬೇಕಿಲ್ಲ. ಆದರೆ ಈ ವರ್ಷ ಬಂದ ಹಕ್ಕಿ ಹೋದ ವರ್ಷದ್ದೇ? ಸಾಕಿ ಬಿಟ್ಟ ಮರಿ ದೊಡ್ಡದಾಗಿ ಗೂಡು ಕಟ್ಟಲು ಬರುತ್ತದೆಯೇ? 2017-18ರ ಚಳಿಗಾಲದಲ್ಲಿ ಹುಳುಬಾಧೆಯಿಂದ ಹೆಜ್ಜಾರ್ಲೆಗಳು ಸಾಲುಸಾಲಾಗಿ ಸತ್ತಾಗ, ಆ ನಷ್ಟ ತುಂಬಲು ಎಷ್ಟು ವರ್ಷ ಬೇಕು? ಇವಕ್ಕೆ ಗೂಡಿನ ಎಣಿಕೆ ಉತ್ತರ ಕೊಡಲಾರದು, ಕಾಲುಂಗುರ ಕೊಡಬಲ್ಲದು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1927ರಿಂದಲೇ ಹಕ್ಕಿಗಳಿಗೆ ಉಂಗುರ ತೊಡಿಸುತ್ತಾ ಬಂದಿದೆ. 1959ರಿಂದ ಸಲೀಂ ಅಲಿ ಅದನ್ನು ದೊಡ್ಡ ಪ್ರಮಾಣಕ್ಕೆ ಬೆಳೆಸಿದರು. ಪರಂಪರೆ ಹಳೆಯದು, ಅದನ್ನು ಊರಿನ ಮರದವರೆಗೆ ತರಬೇಕು.

ಕಾವೇರಿಯ ಬೆನ್ನುಗೂನಿನ ಮಹಶೀರ್ ಮೀನಿನ ಕಥೆ ದಾಖಲೆಯ ಬೆಲೆಯನ್ನು ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ಗಾಳ ಹಾಕಿ ಹಿಡಿದು, ತೂಗಿ, ಮತ್ತೆ ಹೊಳೆಗೇ ಬಿಡುತ್ತಿದ್ದ ಶಿಬಿರಗಳಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಪುಸ್ತಕಗಳನ್ನು ಪಿಂಡರ್, ರಾಘವನ್, ಬ್ರಿಟನ್ ಎಂಬ ಸಂಶೋಧಕರು 2015ರಲ್ಲಿ ವಿಶ್ಲೇಷಿಸಿದರು. ಒಟ್ಟು ಮಹಶೀರ್‌ಗಳು ಹೆಚ್ಚಿದ್ದವು. ಹೆಚ್ಚಿದ್ದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಜಾತಿ. ಕಾವೇರಿಯದೇ ಆದ ಮೀನು ಕರಗುತ್ತಿತ್ತು. ಎಷ್ಟು ಹೊತ್ತು ಗಾಳ ಹಾಕಿದರು ಎಂಬುದನ್ನೂ ಬರೆದಿಟ್ಟಿದ್ದರಿಂದಲೇ ಈ ಮಾತು ಹೇಳಲು ಸಾಧ್ಯವಾಯಿತು. ಆ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.

ಮುಂದಿನ ಕೆಲಸ

ಈ ಪರಂಪರೆಯನ್ನು ಗದ್ದೆ, ನಾಲೆ, ಹಳ್ಳಗಳ ಕಪ್ಪೆಗೂ ವಿಸ್ತರಿಸಬೇಕು. ಗದ್ದೆಯ ಹುಳುಗಳನ್ನು ತಿಂದು ರೈತನಿಗೆ ನೆರವಾಗುವ ಜೀವಿ ಅದು. ಕಪ್ಪೆಕಾಲಿನ ರಫ್ತನ್ನು ಭಾರತ 1987ರಲ್ಲಿ ನಿಷೇಧಿಸುವ ಮೊದಲು ದೇಶದ ಗದ್ದೆಗಳಿಂದ ಅಪಾರ ಸಂಖ್ಯೆಯಲ್ಲಿ ಕಪ್ಪೆಗಳು ಹಡಗು ಹತ್ತಿದವು. ಇವತ್ತು ಅವುಗಳ ಮುಂದಿರುವುದು ಕೀಟನಾಶಕ, ಕಾಂಕ್ರೀಟ್ ಹಾಸಿದ ನಾಲೆ ಮತ್ತು ಹದ ತಪ್ಪಿದ ಮಳೆ.

ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳು ಶಿಂಷಾ ನದಿಗೆ ಸೇರುವ ಒಂದೊಂದು ಹಳ್ಳದಲ್ಲಿ ನೂರು ಮೀಟರ್ ದಂಡೆಯನ್ನು ತಮ್ಮದೆಂದು ಆರಿಸಿಕೊಳ್ಳಲಿ. ಮುಂಗಾರಿನ ಮೊದಲು, ನಡುವೆ, ನಂತರ, ಪ್ರತಿ ಬಾರಿಯೂ ಸತತ ಮೂರು ರಾತ್ರಿ ಅಷ್ಟೇ ಜನ, ಅಷ್ಟೇ ಹೊತ್ತು ಹುಡುಕಲಿ. ಬೆನ್ನ ಮೇಲೆ ಸ್ಪಷ್ಟ ಮಚ್ಚೆಯಿರುವ ಜಾತಿಯೊಂದನ್ನು ಆರಿಸಿ, ಬೆರಳು ಕತ್ತರಿಸದೆ ಮೇಲಿನಿಂದ ಫೋಟೋ ತೆಗೆಯಲಿ. ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗುವಾಗ ಬೂಟು, ಬಲೆ ತೊಳೆದು ಒಣಗಿಸಲಿ; ಕಪ್ಪೆಗಳನ್ನು ಕೊಲ್ಲುವ ಶಿಲೀಂಧ್ರ ರೋಗ ಒದ್ದೆ ಸಾಮಾನಿನ ಜೊತೆ ಹರಡಬಲ್ಲದು. ಏನೂ ಸಿಗದ ರಾತ್ರಿಯನ್ನೂ ಬರೆದಿಡಲಿ, ಏಕೆಂದರೆ ಸೊನ್ನೆಯಿಲ್ಲದ ಪುಸ್ತಕದಿಂದ ಹಿಡಿತದ ಸಾಧ್ಯತೆಯನ್ನು ಲೆಕ್ಕ ಹಾಕಲಾಗದು. ಅಭಯಾರಣ್ಯದೊಳಗಾದರೆ ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೊರಡಲಿ.

ಇಂಥ ಕೆಲಸಕ್ಕೆ ಒಂದು ವರ್ಷದ ಪ್ರಾಜೆಕ್ಟ್ ಸಾಲದು. ಪೀಟರ್ಸನ್‌ನಿಂದ ಕಾರಂತರವರೆಗಿನ ನೂರು ವರ್ಷದ ಚರಿತ್ರೆ ಕಲಿಸುವುದು ಒಂದನ್ನೇ: ನಂಬತಕ್ಕ ಸಂಖ್ಯೆ ಹುಟ್ಟುವುದು ಒಮ್ಮೆ ನೋಡಿದಾಗಲ್ಲ, ಅದೇ ಜಾಗಕ್ಕೆ, ಅದೇ ಶ್ರಮದಿಂದ, ಮತ್ತೆ ಹೋಗಿ ನೋಡಿದಾಗ. ಒಂದು ವರ್ಷದ ವಿದ್ಯಾರ್ಥಿಗಳು ತಮ್ಮ ಫೋಟೋ ಸಂಗ್ರಹವನ್ನು ಮುಂದಿನ ವರ್ಷದವರಿಗೆ ಒಪ್ಪಿಸುವ ಏರ್ಪಾಡನ್ನು ಕಾಲೇಜುಗಳು ಈ ಮುಂಗಾರಿನಿಂದಲೇ ಶುರು ಮಾಡಿದರೆ, ಹತ್ತು ವರ್ಷದಲ್ಲಿ ಶಿಂಷಾ ಸೀಮೆಯ ತೊರೆಗಳ ಬಗ್ಗೆ ಆಧಾರವಿಟ್ಟು ಮಾತಾಡುವ ಒಂದು ಪೀಳಿಗೆಯೇ ನಮ್ಮಲ್ಲಿ ಇರುತ್ತದೆ.